ಹಾಲುಕ್ಕಿಸುವ ಮೊದಲು ಕರೆಂಟಿಗೂ ಒಂದು ಪರೀಕ್ಷೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆ ಹುಟ್ಟಿದಾಗ ಮನೆಗಳಿಗೆ ವಿದ್ಯುತ್ ಬಂದಿರಲಿಲ್ಲ. ಬಂದಿದ್ದರೆ ‘ವೈರಿಂಗ್ ಮಾಡಿಸಿ ನೋಡು’ ಎಂಬ ಮಾತೂ ಅದಕ್ಕೆ ಸೇರಿಕೊಳ್ಳುತ್ತಿತ್ತೇನೋ. ಹೊಸ ಮನೆ ಕಟ್ಟಿದವರು ಬಾಗಿಲಿನ ಮರವನ್ನು ತಟ್ಟಿ ನೋಡುತ್ತಾರೆ. ನೆಲದ ಹಾಸಿಗೆ ನೀರು ಸುರಿದು ಇಳಿಜಾರು ಪರೀಕ್ಷಿಸುತ್ತಾರೆ. ಬಣ್ಣದ ಡಬ್ಬಿಯ ಮೇಲಿನ ಸಂಖ್ಯೆಯನ್ನೂ ಬಿಡದೆ ಓದುತ್ತಾರೆ. ವಿದ್ಯುತ್ತಿನ ವಿಷಯಕ್ಕೆ ಬಂದಾಗ ಮಾತ್ರ ಕೇಳುವುದು ಒಂದೇ ಪ್ರಶ್ನೆ: ‘ಸ್ವಿಚ್ ಹಾಕಿದರೆ ದೀಪ ಹತ್ತುತ್ತದೆಯೇ?’ ಹತ್ತಿದರೆ ಎಲ್ಲವೂ ಸರಿ ಎಂದೇ ತೀರ್ಮಾನ.

ದೀಪ ಹತ್ತಲು ಬೇಕಾಗುವುದು ಎರಡೇ ತಂತಿ. ಶಾಲಾ ಪುಸ್ತಕಗಳು ಅವನ್ನು ಸಜೀವ ತಂತಿ ಮತ್ತು ತಟಸ್ಥ ತಂತಿ ಎನ್ನುತ್ತವೆ. ಎಲೆಕ್ಟ್ರಿಷಿಯನ್ನರ ಬಾಯಲ್ಲಿ ಅವು ಫೇಸ್ ಮತ್ತು ನ್ಯೂಟ್ರಲ್. ಮೂರನೆಯದಾದ ಭೂಸಂಪರ್ಕ ತಂತಿ, ಅಂದರೆ ಅರ್ತ್, ಇಲ್ಲದಿದ್ದರೂ ದೀಪ ಹತ್ತುತ್ತದೆ, ಪಂಖ ತಿರುಗುತ್ತದೆ, ಗೀಸರಿನಲ್ಲಿ ನೀರೂ ಕಾಯುತ್ತದೆ. ಯಾವ ತಂತಿ ಇಲ್ಲದಿದ್ದರೆ ಯಾವ ಉಪಕರಣವೂ ದೂರು ಹೇಳುವುದಿಲ್ಲವೋ, ಮನೆಯವರ ಪ್ರಾಣ ನಿಂತಿರುವುದು ಅದೇ ತಂತಿಯ ಮೇಲೆ. ಆದ್ದರಿಂದಲೇ ದೀಪ ಹತ್ತಿತು ಎಂಬುದು ಪರೀಕ್ಷೆಯ ಆರಂಭವಾಗಬಹುದೇ ಹೊರತು ಮುಕ್ತಾಯವಲ್ಲ.

ನಮ್ಮ ನಾಡಿಗೆ ವಿದ್ಯುತ್ ಹೊಸದಲ್ಲ. ಶಿವನಸಮುದ್ರದಲ್ಲಿ ಉತ್ಪಾದಿಸಿದ ಜಲವಿದ್ಯುತ್ 1902ರಲ್ಲೇ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತ್ತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪಗಳು ಬೆಳಗಿದವು. ನೂರು ವರ್ಷ ದಾಟಿದ ಈ ಒಡನಾಟದಲ್ಲಿ ಮನೆಯ ವೈರಿಂಗ್ ಮರದ ಪಟ್ಟಿಗಳ ಮೇಲಿಂದ ಗೋಡೆಯೊಳಗಿನ ಪಿ.ವಿ.ಸಿ. ಕೊಳವೆಗಳಿಗೆ ಇಳಿಯಿತು. ನೋಡಲು ಅಂದವಾಯಿತು, ಆದರೆ ಕಣ್ಣಿಗೆ ಕಾಣದಂತಾಯಿತು. ಕಾಣದ್ದನ್ನು ಪರೀಕ್ಷಿಸದೆ ನಂಬುವ ಅಭ್ಯಾಸವೂ ಜೊತೆಗೇ ಬಂದಿತು.

ಇನ್ನೊಂದು ಮಾತು. ಹೊಸ ಮನೆಯ ವೈರಿಂಗಿನ ಮೇಲೆ ಮೊದಲ ಬಾರಿಗೆ ಪೂರ್ತಿ ಹೊರೆ ಬೀಳುವುದು ಗೃಹಪ್ರವೇಶದ ದಿನ. ಎಲ್ಲ ಕೋಣೆಗಳ ದೀಪ, ಪಂಖ, ಬೆಳಗಿನ ಜಾವದಿಂದ ಗೀಸರು, ಅಡಿಗೆಯವರ ಗ್ರೈಂಡರು, ಮನೆಯ ಮುಂದೆ ಸೀರಿಯಲ್ ಸೆಟ್ಟು. ಮನೆ ತುಂಬ ಮಕ್ಕಳು, ಒದ್ದೆಯಾದ ನೆಲ, ಬರಿಗಾಲು. ತಪ್ಪುಗಳು ಹೊರಬೀಳಲು ಇದಕ್ಕಿಂತ ಕೆಟ್ಟ ದಿನ ಬೇರೊಂದಿಲ್ಲ. ಅದಕ್ಕೆ ಒಂದು ವಾರ ಮೊದಲು, ಸಾಮಾನು ಸಾಗಿಸುವ ಮುನ್ನ, ಮನೆ ಖಾಲಿ ಇರುವಾಗಲೇ ಈ ಪರೀಕ್ಷೆ ಮುಗಿಯಬೇಕು.

ಮೊದಲು ಕಾಗದ, ಆಮೇಲೆ ತಂತಿ

ಕರ್ನಾಟಕದಲ್ಲಿ ವೈರಿಂಗ್ ಗುತ್ತಿಗೆದಾರರಿಗೆ ಪರವಾನಗಿ ನೀಡುವುದು ಸರ್ಕಾರದ ವಿದ್ಯುತ್ ಪರಿವೀಕ್ಷಣಾಲಯ. ಕೆಲಸ ಮುಗಿದ ಮೇಲೆ ಪರವಾನಗಿ ಪಡೆದ ಗುತ್ತಿಗೆದಾರ ಸಹಿ ಮಾಡಿದ ವರದಿಯನ್ನು ವಿದ್ಯುತ್ ಸರಬರಾಜು ಕಂಪನಿಗೆ ಸಲ್ಲಿಸಬೇಕು. ಆ ವರದಿಯ ಒಂದು ಪ್ರತಿ ಮನೆಯವರ ಕೈಯಲ್ಲೂ ಇರಲಿ. ಕೆಲಸ ಮಾಡಿದವರು ಒಬ್ಬರು, ಸಹಿ ಹಾಕಿದವರು ಇನ್ನೊಬ್ಬರು ಆಗಿದ್ದರೆ, ಸಹಿ ಹಾಕಿದವರು ಒಮ್ಮೆಯಾದರೂ ಮನೆಯೊಳಗೆ ಕಾಲಿಟ್ಟು ನೋಡಿದ್ದಾರೆಯೇ ಎಂದು ವಿಚಾರಿಸುವುದು ತಪ್ಪಲ್ಲ.

ಮನೆ ಕಟ್ಟುವಾಗ ಪಡೆದ ತಾತ್ಕಾಲಿಕ ಸಂಪರ್ಕ ಕಾಯಂ ಗೃಹ ಸಂಪರ್ಕವಾಗಿ ಬದಲಾಗಿದೆಯೇ, ಮಂಜೂರಾದ ಹೊರೆ ಎಷ್ಟು ಕಿಲೋವಾಟ್ ಎಂಬುದನ್ನೂ ನೋಡಬೇಕು. ಕಟ್ಟಿದ ಮನೆಯನ್ನು ಕೊಂಡವರು ಆರ್.ಆರ್. ಸಂಖ್ಯೆಯ ಮೇಲೆ ಹಳೆಯ ಬಾಕಿ ಇಲ್ಲವೆಂದು ಖಚಿತಪಡಿಸಿಕೊಂಡು ಹೆಸರು ವರ್ಗಾಯಿಸಿಕೊಳ್ಳಬೇಕು.

ಗೋಡೆಗೆ ಗಿಲಾವು ಮಾಡುವ ಮುನ್ನ ಕೊಳವೆಗಳು ಹೋಗಿರುವ ದಾರಿಯ ಫೋಟೋ ತೆಗೆದಿಟ್ಟುಕೊಂಡವರು ಜಾಣರು. ಮುಂದೆ ಪರದೆಯ ಕಂಬಿಗೋ ದೇವರ ಪಟಕ್ಕೋ ಗೋಡೆ ಕೊರೆಯುವಾಗ ಡ್ರಿಲ್ಲಿನ ಮೊನೆ ತಂತಿಗೆ ತಗಲುವುದು ಇದರಿಂದ ತಪ್ಪುತ್ತದೆ. ಫೋಟೋ ಇಲ್ಲದಿದ್ದರೆ ಸ್ವಿಚ್ ಬೋರ್ಡಿನ ನೇರ ಮೇಲೆ ಮತ್ತು ಕೆಳಗೆ ಕೊರೆಯದಿರುವುದು ಕ್ಷೇಮ.

ತಂತಿ, ಸ್ವಿಚ್ಚು, ಸಾಕೆಟ್ಟುಗಳ ಮೇಲೆ ಐ.ಎಸ್.ಐ. ಗುರುತು ಇರಬೇಕು. ಪಿ.ವಿ.ಸಿ. ಹೊದಿಕೆಯ ತಂತಿಗೆ ಐ.ಎಸ್. 694, ಪ್ಲಗ್ಗು ಮತ್ತು ಸಾಕೆಟ್ಟುಗಳಿಗೆ ಐ.ಎಸ್. 1293 ಎಂಬ ಭಾರತೀಯ ಮಾನಕಗಳಿವೆ. ಗುರುತಿನ ಜೊತೆಗಿರುವ ಪರವಾನಗಿ ಸಂಖ್ಯೆ ನಿಜವೇ ಎಂದು ಭಾರತೀಯ ಮಾನಕ ಬ್ಯೂರೋದ ಮೊಬೈಲ್ ಆ್ಯಪ್‌ನಲ್ಲಿ ಮನೆಯ ಮಕ್ಕಳೇ ಪರಿಶೀಲಿಸಿ ಹೇಳಬಲ್ಲರು.

ಮೀಟರು ಹೇಳುವ ಗುಟ್ಟು

ಇಂದಿನ ಮೀಟರುಗಳಲ್ಲಿ ತಿರುಗುವ ತಟ್ಟೆಯಿಲ್ಲ. ಅದರ ಬದಲು ಒಂದು ಪುಟ್ಟ ದೀಪ ಮಿನುಗುತ್ತದೆ. ಒಂದು ಯೂನಿಟ್ಟಿಗೆ ಎಷ್ಟು ಮಿನುಗು ಎಂಬುದು ಮೀಟರಿನ ಮುಖದ ಮೇಲೆಯೇ ಬರೆದಿರುತ್ತದೆ. 3200 ಎಂಬುದು ಸಾಮಾನ್ಯವಾಗಿ ಕಾಣುವ ಸಂಖ್ಯೆ.

ಮನೆಯ ಎಲ್ಲ ಸ್ವಿಚ್ಚುಗಳನ್ನೂ ಆರಿಸಿ, ಎಲ್ಲ ಪ್ಲಗ್ಗುಗಳನ್ನೂ ಕಿತ್ತು, ಮೇನ್ ಸ್ವಿಚ್ ಮಾತ್ರ ಹಾಕಿಟ್ಟು ಹದಿನೈದು ನಿಮಿಷ ಮೀಟರನ್ನು ನೋಡಬೇಕು. ದೀಪ ಮಿನುಗಬಾರದು. ಮಿನುಗಿದರೆ ಗಮನಕ್ಕೆ ಬಾರದ ಯಾವುದೋ ಉಪಕರಣ ನಡೆಯುತ್ತಿದೆ, ಇಲ್ಲವೇ ಎಲ್ಲೋ ಸೋರಿಕೆಯಿದೆ, ಅಥವಾ ಬೇರೆಯವರ ಕೋಣೆಯ ತಂತಿ ಈ ಮೀಟರಿಗೆ ಸೇರಿಕೊಂಡಿದೆ. ವಠಾರಗಳಲ್ಲಿ, ಮಹಡಿ ಮನೆಗಳಲ್ಲಿ ಕೊನೆಯದು ಅಪರೂಪವೇನಲ್ಲ. ಮೆಟ್ಟಿಲಿನ ದೀಪ, ನೀರಿನ ಪಂಪು ಯಾರ ಲೆಕ್ಕಕ್ಕೆ ಸೇರಿವೆ ಎಂಬುದು ಬಾಡಿಗೆಗೆ ಹೋಗುವವರೂ ಕೇಳಬೇಕಾದ ಪ್ರಶ್ನೆ.

ಎಂ.ಸಿ.ಬಿ. ಕಾಯುವುದು ಯಾರನ್ನು?

ಮೀಟರಿನಿಂದ ಮುಂದೆ ಬಂದರೆ ಡಿ.ಬಿ. ಎಂದು ಕರೆಯುವ ವಿತರಣಾ ಪೆಟ್ಟಿಗೆ. ಹಿಂದೆ ಇಲ್ಲಿ ಪಿಂಗಾಣಿಯ ಫ್ಯೂಸುಗಳಿದ್ದವು. ತಂತಿ ಕರಗಿದಾಗಲೆಲ್ಲ ಹೊಸದನ್ನು ಸುತ್ತಬೇಕಿತ್ತು. ಸಿಕ್ಕಿದ ತಂತಿಯನ್ನು ಸುತ್ತುವವರೂ ಇದ್ದರು. ಈಗ ಅವುಗಳ ಜಾಗದಲ್ಲಿ ಎಂ.ಸಿ.ಬಿ.ಗಳಿವೆ. 1924ರಲ್ಲಿ ಜರ್ಮನಿಯಲ್ಲಿ ಹ್ಯೂಗೋ ಸ್ಟಾಟ್ಸ್ ಅವರ ಕಾರ್ಖಾನೆಯಲ್ಲಿ ರೂಪುಗೊಂಡ ಈ ಸಾಧನದೊಳಗೆ ಇಬ್ಬರು ಕಾವಲುಗಾರರಿದ್ದಾರೆ. ಹೊರೆ ಮೆಲ್ಲಗೆ ಮಿತಿ ಮೀರಿದಾಗ ಎರಡು ಲೋಹಗಳ ಪಟ್ಟಿ ಕಾದು ಬಾಗಿ ಮಂಡಲವನ್ನು ಕಡಿಯುತ್ತದೆ. ಶಾರ್ಟ್ ಸರ್ಕ್ಯೂಟ್ ಆಗಿ ಪ್ರವಾಹ ಹಠಾತ್ತನೆ ಏರಿದಾಗ ಒಂದು ವಿದ್ಯುತ್ಕಾಂತ ಕಣ್ಣು ಮಿಟುಕಿಸುವುದರೊಳಗೆ ಅದೇ ಕೆಲಸ ಮಾಡುತ್ತದೆ.

ಎಂ.ಸಿ.ಬಿ. ಕಾಯುವುದು ಗೋಡೆಯೊಳಗಿನ ತಂತಿಯನ್ನು; ಉಪಕರಣವನ್ನೂ ಅಲ್ಲ, ಮನುಷ್ಯನನ್ನೂ ಅಲ್ಲ. ಹೀಗಾಗಿ ತಂತಿಯ ಗಾತ್ರಕ್ಕೆ ತಕ್ಕ ಎಂ.ಸಿ.ಬಿ. ಇದೆಯೇ ಎಂಬುದೇ ಇಲ್ಲಿ ನೋಡಬೇಕಾದ ಅಂಶ. ದೀಪ, ಪಂಖಗಳ 1.5 ಚದರ ಮಿಲಿಮೀಟರ್ ತಾಮ್ರದ ತಂತಿಗೆ 6 ಅಥವಾ 10 ಆಂಪಿಯರ್, ದೊಡ್ಡ ಸಾಕೆಟ್ಟುಗಳ 2.5 ಚದರ ಮಿಲಿಮೀಟರ್ ತಂತಿಗೆ 16 ಆಂಪಿಯರ್ ಎಂಬುದು ರೂಢಿ. ಏರ್ ಕಂಡೀಷನರಿಗೆ, ದೊಡ್ಡ ಗೀಸರಿಗೆ 4 ಚದರ ಮಿಲಿಮೀಟರ್ ತಂತಿಯನ್ನು ಪ್ರತ್ಯೇಕವಾಗಿ ಎಳೆದಿದ್ದರೆ ಒಳ್ಳೆಯದು. ‘ಪದೇ ಪದೇ ಬೀಳುತ್ತಿತ್ತು ಸಾರ್, ಅದಕ್ಕೇ 32ರದ್ದು ಹಾಕಿದ್ದೇನೆ’ ಎಂದು ಯಾರಾದರೂ ಹೇಳಿದರೆ ಎಚ್ಚರವಾಗಬೇಕು. ಎಂ.ಸಿ.ಬಿ. ಬೀಳುವುದು ರೋಗವಲ್ಲ, ರೋಗದ ಲಕ್ಷಣ. 16 ಆಂಪಿಯರಿಗೆ ತಕ್ಕ ತಂತಿಯ ಮೇಲೆ 32ರ ಎಂ.ಸಿ.ಬಿ. ಕೂರಿಸಿದರೆ, ಮಂಡಲ ಕಡಿಯುವ ಮೊದಲೇ ತಂತಿಯ ಹೊದಿಕೆ ಗೋಡೆಯೊಳಗೆ ಕರಗಬಹುದು.

ಪ್ರತಿ ಎಂ.ಸಿ.ಬಿ.ಯ ಕೆಳಗೆ ಅದು ಯಾವ ಕೋಣೆಯದು ಎಂದು ಬರೆದು ಅಂಟಿಸಿರಬೇಕು. ಬರೆದಿಲ್ಲದಿದ್ದರೆ ಒಂದೊಂದನ್ನೇ ಆರಿಸಿ, ಮನೆಯೊಳಗೆ ಏನೇನು ನಿಂತಿತು ಎಂದು ನೋಡಿ ಪಟ್ಟಿ ಮಾಡಬಹುದು. ಮಕ್ಕಳು ಮನೆಯ ಒಂದು ತುದಿಯಿಂದ ಕೂಗಿ ಹೇಳುತ್ತ, ದೊಡ್ಡವರು ಬರೆದುಕೊಳ್ಳುತ್ತ ಮಾಡಿದರೆ ಅರ್ಧ ಗಂಟೆಯ ಕೆಲಸ.

ಮೂರನೆಯ ತಂತಿಯ ಮಹಿಮೆ

ಈಗ ಮುಖ್ಯ ವಿಷಯಕ್ಕೆ ಬರೋಣ. ಗೀಸರಿನ ಒಳಗೆ ಫೇಸ್ ತಂತಿಯ ಹೊದಿಕೆ ಹಾಳಾಗಿ ಅದರ ಲೋಹದ ಮೈಗೆ ತಗುಲಿತು ಎಂದುಕೊಳ್ಳಿ. ಅರ್ತ್ ತಂತಿ ಇಲ್ಲದಿದ್ದರೆ ಆ ಮೈ 230 ವೋಲ್ಟಿನಲ್ಲಿ ಸುಮ್ಮನೆ ಕಾದು ಕುಳಿತಿರುತ್ತದೆ. ಒದ್ದೆ ಮೈಯಲ್ಲಿ ಯಾರಾದರೂ ಮುಟ್ಟಿದಾಗ ಪ್ರವಾಹಕ್ಕೆ ನೆಲಕ್ಕಿಳಿಯುವ ದಾರಿ ಸಿಗುತ್ತದೆ. ಒದ್ದೆಯಾದ ಮೈಯ ರೋಧವನ್ನು ಸುಮಾರು 1000 ಓಮ್ ಎಂದಿಟ್ಟುಕೊಂಡರೆ ಓಮನ ನಿಯಮದಂತೆ ಹರಿಯುವ ಪ್ರವಾಹ 230 ಮಿಲಿ ಆಂಪಿಯರ್.

ಇದು ಎಷ್ಟು ದೊಡ್ಡದು? ಒಂದು ಮಿಲಿ ಆಂಪಿಯರ್ ಪ್ರವಾಹ ಹರಿದರೆ ಚುಮುಚುಮು ಎನಿಸುತ್ತದೆ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಚಾರ್ಲ್ಸ್ ಡಾಲ್ಜಿಯೆಲ್, ಹಿಡಿದ ತಂತಿಯನ್ನು ಬಿಡಲು ಸಾಧ್ಯವಾಗುವ ಗರಿಷ್ಠ ಪ್ರವಾಹ ಎಷ್ಟು ಎಂದು ಸ್ವಯಂಸೇವಕರ ಮೇಲೆ ಪ್ರಯೋಗ ನಡೆಸಿದರು. ಸರಾಸರಿಯಲ್ಲಿ ಗಂಡಸರಿಗೆ ಸುಮಾರು 16, ಹೆಂಗಸರಿಗೆ ಸುಮಾರು 10.5 ಮಿಲಿ ಆಂಪಿಯರ್ ಎಂದು ಅವರು ಕಂಡರು. ಅದನ್ನು ಮೀರಿದರೆ ಸ್ನಾಯುಗಳು ಸೆಟೆದುಕೊಂಡು ಕೈ ಬಿಡಲಾಗುವುದಿಲ್ಲ. ಇನ್ನೂ ಏರಿದರೆ ಉಸಿರಾಟಕ್ಕೆ ತೊಂದರೆ, ಬಳಿಕ ಹೃದಯದ ಬಡಿತದ ಲಯವೇ ತಪ್ಪುತ್ತದೆ. ಒಂಬತ್ತು ವಾಟಿನ ಎಲ್.ಇ.ಡಿ. ಬಲ್ಬು ಎಳೆಯುವ ಪ್ರವಾಹ ಸುಮಾರು 40 ಮಿಲಿ ಆಂಪಿಯರ್. ಅಷ್ಟೇ ಪ್ರವಾಹ ಎದೆಯ ಮೂಲಕ ಹರಿದರೆ ಪ್ರಾಣಕ್ಕೆ ಸಂಚಕಾರ.

ಅರ್ತ್ ತಂತಿ ಇದ್ದರೆ ಗೀಸರಿನ ಮೈಯಿಂದ ಪ್ರವಾಹ ಆ ತಂತಿಯ ಮೂಲಕ ಅಂಗಳದ ಅರ್ತ್ ಗುಂಡಿಗೆ ಇಳಿಯುತ್ತದೆ. ಗುಂಡಿಯಲ್ಲಿ ಸಾಮಾನ್ಯವಾಗಿ ಎರಡೂವರೆ ಮೀಟರ್ ಉದ್ದದ ಜಿ.ಐ. ಪೈಪನ್ನು ನೆಟ್ಟು, ಸುತ್ತ ಇದ್ದಿಲು ಮತ್ತು ಉಪ್ಪನ್ನು ಪದರ ಪದರವಾಗಿ ತುಂಬಿರುತ್ತಾರೆ. ಇದ್ದಿಲು ತೇವವನ್ನು ಹಿಡಿದಿಡುತ್ತದೆ, ಉಪ್ಪು ಆ ತೇವವನ್ನು ಒಳ್ಳೆಯ ವಾಹಕವಾಗಿಸುತ್ತದೆ. ಮಣ್ಣು ಒಣಗಿದಷ್ಟೂ ರೋಧ ಏರುತ್ತದೆ. ಕರಾವಳಿಯ ಒದ್ದೆ ನೆಲದಲ್ಲಿ ಸುಲಭವಾಗಿ ಸಿಗುವ ಕಡಿಮೆ ರೋಧ, ಚಿತ್ರದುರ್ಗದಂಥ ಒಣ ಕಲ್ಲುನೆಲದಲ್ಲಿ ಸಿಗುವುದು ಕಷ್ಟ. ಮಳೆಗಾಲದಲ್ಲಿ ಅಳೆದ ರೋಧವನ್ನು ಬೇಸಿಗೆಗೂ ನಂಬಿ ಕೂರುವಂತಿಲ್ಲ. ಅದಕ್ಕಾಗಿಯೇ ಗುಂಡಿಗೆ ಆಗಾಗ ನೀರು ಸುರಿಯುವ ಪದ್ಧತಿ ಇದೆ. ಗುಂಡಿಯ ಬಾಯಿಯನ್ನು ಟೈಲ್ಸ್ ಹಾಸಿ ಮುಚ್ಚಿಬಿಟ್ಟ ಮನೆಗಳಲ್ಲಿ ಈ ದಾರಿಯೂ ಇಲ್ಲ. ಹೊಸ ಮನೆಯವರು ಮೊದಲು ಕೇಳಬೇಕಾದದ್ದು: ‘ಅರ್ತ್ ಗುಂಡಿ ಎಲ್ಲಿದೆ, ತೋರಿಸಿ.’ ಎರಡನೆಯದು: ‘ಅದರ ರೋಧವನ್ನು ಅರ್ತ್ ಟೆಸ್ಟರಿನಲ್ಲಿ ಅಳೆದು ಬರೆದುಕೊಡಿ.’ 5 ಓಮಿಗಿಂತ ಕಡಿಮೆಯಿದ್ದರೆ ಮನೆಗೆ ಚೆನ್ನಾಗಿದೆ ಎನ್ನಬಹುದು.

ಅರ್ತ್ ಇದ್ದರೂ ಸಾಲದು

ಇಲ್ಲಿಯೇ ಹಲವರು ಎಡವುವುದು. ಅರ್ತ್ ಇದೆ, ಎಂ.ಸಿ.ಬಿ. ಇದೆ, ಇನ್ನೇನು ಭಯ ಎಂಬ ಭಾವನೆ. ಲೆಕ್ಕ ಹಾಕಿ ನೋಡಿದರೆ ಬೇರೆಯೇ ಚಿತ್ರ ಕಾಣುತ್ತದೆ.

ಬೇಸಿಗೆಯಲ್ಲಿ ಒಣಗಿದ ಗುಂಡಿಯ ರೋಧ 20 ಓಮ್ ಇದೆ ಎನ್ನೋಣ. ಗೀಸರಿನ ಮೈಗೆ ಫೇಸ್ ತಗುಲಿದಾಗ ಅರ್ತ್ ಮೂಲಕ ಹರಿಯುವ ಪ್ರವಾಹ 230 ಭಾಗಿಸು 20, ಅಂದರೆ 11.5 ಆಂಪಿಯರ್. ಗೀಸರಿನ ಎಂ.ಸಿ.ಬಿ. 16 ಆಂಪಿಯರಿನದು. ಅದರ ಪಾಲಿಗೆ 11.5 ಆಂಪಿಯರ್ ಎಂದರೆ ಯಾವುದೋ ಸಾಮಾನ್ಯ ಉಪಕರಣ ನಡೆಯುತ್ತಿದ್ದಂತೆ. ಅದು ಬೀಳುವುದೇ ಇಲ್ಲ. ಗೀಸರಿನ ಮೈ ಹೆಚ್ಚುಕಡಿಮೆ ಪೂರ್ತಿ ವೋಲ್ಟೇಜಿನಲ್ಲೇ ಉಳಿಯುತ್ತದೆ.

ಗುಂಡಿ ಚೆನ್ನಾಗಿದ್ದು ರೋಧ 5 ಓಮ್ ಇದ್ದರೆ ಪ್ರವಾಹ 46 ಆಂಪಿಯರ್. ಆಗ ಎಂ.ಸಿ.ಬಿ.ಯ ಲೋಹದ ಪಟ್ಟಿ ಕಾದು ಬಾಗುವವರೆಗೆ ಹಲವು ಸೆಕೆಂಡುಗಳೇ ಬೇಕು. ‘ಸಿ’ ವರ್ಗದ 16 ಆಂಪಿಯರ್ ಎಂ.ಸಿ.ಬಿ. ತಕ್ಷಣ ಬೀಳುವುದು ಪ್ರವಾಹ ಅದರ ಮಿತಿಯ ಐದರಿಂದ ಹತ್ತು ಪಟ್ಟು, ಅಂದರೆ 80ರಿಂದ 160 ಆಂಪಿಯರ್ ಏರಿದಾಗ ಮಾತ್ರ. ಹೃದಯಕ್ಕೆ ಅಷ್ಟು ಸಮಯವಿಲ್ಲ.

ಈ ಕೊರತೆಯನ್ನು ತುಂಬುವುದು ಆರ್.ಸಿ.ಸಿ.ಬಿ. ಹಳಬರ ಬಾಯಲ್ಲಿ ಅದು ಇ.ಎಲ್.ಸಿ.ಬಿ. ಇದರ ತತ್ವ ಹತ್ತನೆಯ ತರಗತಿಯ ವಿದ್ಯಾರ್ಥಿಗೂ ಅರ್ಥವಾಗುವಂಥದು. ಮನೆಯೊಳಗೆ ಹೋಗುವ ಫೇಸ್ ಮತ್ತು ಮರಳಿ ಬರುವ ನ್ಯೂಟ್ರಲ್ ಎರಡೂ ಕಬ್ಬಿಣದ ಒಂದು ಉಂಗುರದ ಮೂಲಕ ಹಾದುಹೋಗುತ್ತವೆ. ಹೋದಷ್ಟೇ ಪ್ರವಾಹ ಮರಳಿ ಬಂದರೆ ಎರಡರ ಕಾಂತಕ್ಷೇತ್ರಗಳು ಒಂದನ್ನೊಂದು ಅಳಿಸಿಹಾಕುತ್ತವೆ. ಹೋದದ್ದರಲ್ಲಿ ಸ್ವಲ್ಪ ಯಾರದೋ ಮೈಯ ಮೂಲಕವೋ ಗೀಸರಿನ ಮೈಯ ಮೂಲಕವೋ ನೆಲಕ್ಕಿಳಿದರೆ ಲೆಕ್ಕ ತಾಳೆಯಾಗುವುದಿಲ್ಲ. ಉಳಿದ ಕಾಂತಕ್ಷೇತ್ರ ಉಂಗುರಕ್ಕೆ ಸುತ್ತಿದ ಮೂರನೆಯ ಸುರುಳಿಯಲ್ಲಿ ವಿದ್ಯುತ್ತನ್ನು ಪ್ರೇರಿಸಿ ಮಂಡಲವನ್ನು ಕಡಿಯುತ್ತದೆ. ಮಂಡಿಯ ಗುಮಾಸ್ತ ಸಂಜೆ ಜಮಾಖರ್ಚು ತಾಳೆ ನೋಡುವಂತೆ ಇದು ಪ್ರತಿ ಕ್ಷಣ ತಾಳೆ ನೋಡುತ್ತಿರುತ್ತದೆ.

ಮನೆಗಳಿಗೆ ಬೇಕಾದದ್ದು 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಸೋರಿಕೆ ಇದರ ಐದು ಪಟ್ಟು ಇದ್ದಾಗ ಅದು 0.04 ಸೆಕೆಂಡಿನೊಳಗೆ ಮಂಡಲ ಕಡಿಯಬೇಕು ಎಂದು ಮಾನಕ ಹೇಳುತ್ತದೆ. ಅದೇ ಒಣಗಿದ ಗುಂಡಿಯ ಲೆಕ್ಕವನ್ನು ಮತ್ತೆ ಮಾಡಿ: 11.5 ಆಂಪಿಯರ್ ಸೋರಿಕೆ ಎಂ.ಸಿ.ಬಿ.ಗೆ ಏನೂ ಅಲ್ಲ, ಆರ್.ಸಿ.ಸಿ.ಬಿ.ಗೆ ಮಿತಿಯ ಸುಮಾರು 380 ಪಟ್ಟು. ಅದು ಬಿದ್ದೇ ಬೀಳುತ್ತದೆ. ಡಾಲ್ಜಿಯೆಲ್ ಅವರೇ 1961ರಲ್ಲಿ ಇದೇ ತತ್ವದ ಸಾಧನವೊಂದನ್ನು ರೂಪಿಸಿದರು; ದಕ್ಷಿಣ ಆಫ್ರಿಕದ ಗಣಿಗಳಲ್ಲಿ ಇಂಥ ಪ್ರಯತ್ನ ಅದಕ್ಕೂ ಮೊದಲೇ ನಡೆದಿತ್ತು. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳಲ್ಲೂ ಸೋರಿಕೆ ರಕ್ಷಣೆಯ ಸಾಧನಕ್ಕೆ ಸ್ಥಾನವಿದೆ. ಆದರೂ ನಾಲ್ಕು ಕಾಸು ಉಳಿಸಲು ಇದನ್ನು ಕೈಬಿಡುವವರಿದ್ದಾರೆ. ಗ್ರಾನೈಟಿಗೆ ಸುರಿದ ಹಣದ ಮುಂದೆ ಇದರ ಬೆಲೆ ಏನೂ ಅಲ್ಲ.

ಆರ್.ಸಿ.ಸಿ.ಬಿ.ಯ ಮೇಲೆ ‘ಟಿ’ ಎಂದು ಬರೆದ ಒತ್ತುಗುಂಡಿ ಇರುತ್ತದೆ. ಕರೆಂಟು ಇರುವಾಗ ಅದನ್ನು ಒತ್ತಿದರೆ ಸಾಧನ ಬೀಳಬೇಕು. ಬೀಳದಿದ್ದರೆ ಬದಲಾಯಿಸಬೇಕು. ತಿಂಗಳಿಗೊಮ್ಮೆ ಒತ್ತಿ ನೋಡುವ ಅಭ್ಯಾಸ ಒಳ್ಳೆಯದು. ಆದರೆ ಈ ಗುಂಡಿ ಸಾಧನವನ್ನು ಮಾತ್ರ ಪರೀಕ್ಷಿಸುತ್ತದೆ. ಅರ್ತ್ ತಂತಿ ಇದೆಯೇ ಎಂಬುದನ್ನು ಅದು ಹೇಳಲಾರದು. ಒಬ್ಬ ವ್ಯಕ್ತಿ ನೆಲದ ಸಂಪರ್ಕವಿಲ್ಲದೆ ಒಂದು ಕೈಯಲ್ಲಿ ಫೇಸ್, ಇನ್ನೊಂದು ಕೈಯಲ್ಲಿ ನ್ಯೂಟ್ರಲ್ ಹಿಡಿದರೆ ಲೆಕ್ಕ ತಾಳೆಯಾಗಿಯೇ ಇರುತ್ತದೆ, ಅಲ್ಲಿ ಆರ್.ಸಿ.ಸಿ.ಬಿ. ಕಾಪಾಡುವುದಿಲ್ಲ.

ಸಾಕೆಟ್ಟಿನ ಮೂರು ರಂಧ್ರಗಳು

ಸಾಕೆಟ್ಟನ್ನು ಎದುರಿನಿಂದ ನೋಡಿದಾಗ ಮೇಲಿನ ದಪ್ಪ ರಂಧ್ರ ಅರ್ತ್, ಬಲಗಡೆಯದು ಫೇಸ್, ಎಡಗಡೆಯದು ನ್ಯೂಟ್ರಲ್ ಆಗಿರಬೇಕು. ಪ್ಲಗ್ಗಿನ ಅರ್ತ್ ಕಡ್ಡಿ ಉಳಿದೆರಡಕ್ಕಿಂತ ಉದ್ದವಾಗಿರುವುದು ಮೊದಲು ಸೇರಿ, ಕೊನೆಯಲ್ಲಿ ಬಿಡಲಿ ಎಂದು. ಈ ಕಡ್ಡಿಯನ್ನು ಮುರಿದು ಎರಡು ರಂಧ್ರದ ಸಾಕೆಟ್ಟಿಗೆ ತುರುಕುವುದು ರಕ್ಷಣೆಯನ್ನು ನಾವೇ ಕಿತ್ತೆಸೆದಂತೆ.

ಸಾಕೆಟ್ಟಿಗೆ ಚುಚ್ಚಿದರೆ ಮೂರು ಪುಟ್ಟ ದೀಪಗಳಿಂದ ಫಲಿತಾಂಶ ತೋರಿಸುವ ಪ್ಲಗ್ ಮಾದರಿಯ ಟೆಸ್ಟರುಗಳು ಈಗ ಅಂಗಡಿಗಳಲ್ಲಿ ಸಿಗುತ್ತವೆ. ಫೇಸ್ ಮತ್ತು ನ್ಯೂಟ್ರಲ್ ಅದಲುಬದಲಾಗಿದ್ದರೆ, ಅರ್ತ್ ಇಲ್ಲದಿದ್ದರೆ ಅದು ತಿಳಿಸುತ್ತದೆ. ಮನೆಯ ಪ್ರತಿಯೊಂದು ಸಾಕೆಟ್ಟಿಗೂ ಇದನ್ನು ಹಾಕಿ ನೋಡಬೇಕು, ಒಂದೆರಡನ್ನು ನೋಡಿ ಬಿಡುವುದಲ್ಲ. ಆದರೆ ಈ ಟೆಸ್ಟರಿಗೂ ಒಂದು ಮೋಸ ತಿಳಿಯುವುದಿಲ್ಲ. ಅರ್ತ್ ತಂತಿ ಎಳೆಯುವ ಕಷ್ಟ ತಪ್ಪಿಸಲು ಕೆಲವರು ಸಾಕೆಟ್ಟಿನ ಹಿಂದೆ ನ್ಯೂಟ್ರಲ್‌ನಿಂದ ಅರ್ತ್ ತಿರುಪಿಗೆ ಒಂದು ತುಂಡು ತಂತಿ ಬಿಗಿಯುತ್ತಾರೆ. ಟೆಸ್ಟರಿನ ದೀಪಗಳು ಎಲ್ಲ ಸರಿಯಿದೆ ಎನ್ನುತ್ತವೆ. ಎಂದಾದರೂ ನ್ಯೂಟ್ರಲ್ ತಂತಿ ಸಡಿಲಗೊಂಡು ಕಳಚಿದರೆ ಫ್ರಿಜ್ಜಿನ, ವಾಷಿಂಗ್ ಮಷೀನಿನ ಲೋಹದ ಮೈಯೇ 230 ವೋಲ್ಟಿಗೆ ಏರುತ್ತದೆ. ಆದ್ದರಿಂದ ಎಲೆಕ್ಟ್ರಿಷಿಯನ್ ಕೈಯಲ್ಲಿ ಮೇನ್ ಆರಿಸಿ, ಕೆಲವು ಬೋರ್ಡುಗಳನ್ನಾದರೂ ಬಿಚ್ಚಿಸಿ, ಹಸಿರು ತಂತಿ ನಿಜವಾಗಿ ಬಂದಿದೆಯೇ, ನಡುವೆ ಇಂಥ ತುಂಡು ತಂತಿ ಇದೆಯೇ ಎಂದು ಕಣ್ಣಾರೆ ನೋಡಬೇಕು.

ಇನ್ನೊಂದು ಸಾಮಾನ್ಯ ತಪ್ಪು ಸ್ವಿಚ್ಚನ್ನು ಫೇಸ್ ಬದಲು ನ್ಯೂಟ್ರಲ್ ತಂತಿಯಲ್ಲಿ ಇಡುವುದು. ಸ್ವಿಚ್ ಆರಿಸಿದರೆ ಬಲ್ಬು ಆರುತ್ತದೆ, ಆದರೆ ಹೋಲ್ಡರಿನಲ್ಲಿ ಫೇಸ್ ಜೀವಂತವಾಗಿಯೇ ಇರುತ್ತದೆ. ಬಲ್ಬು ಬದಲಿಸಲು ಏಣಿ ಹತ್ತಿದವನಿಗೆ ಇದು ತಿಳಿದಿರುವುದಿಲ್ಲ. ಸ್ವಿಚ್ ಆರಿಸಿದ ಮೇಲೂ ಹೋಲ್ಡರಿನಲ್ಲಿ ಟೆಸ್ಟರು ಬೆಳಗುತ್ತದೆಯೇ ಎಂದು ಎಲೆಕ್ಟ್ರಿಷಿಯನ್ ಪ್ರತಿ ಕೋಣೆಯಲ್ಲೂ ನೋಡಲಿ.

ಸಡಿಲ ತಿರುಪು, ಬಿಸಿ ಗೋಡೆ

2000 ವಾಟಿನ ಗೀಸರು 230 ವೋಲ್ಟಿನಲ್ಲಿ ಎಳೆಯುವ ಪ್ರವಾಹ 8.7 ಆಂಪಿಯರ್. ಡಿ.ಬಿ.ಯಿಂದ 20 ಮೀಟರ್ ದೂರದ ಬಚ್ಚಲಿಗೆ 2.5 ಚದರ ಮಿಲಿಮೀಟರ್ ತಂತಿಯಲ್ಲಿ ಹೋಗಿ ಬರುವ 40 ಮೀಟರ್ ದಾರಿಯ ರೋಧ ಸುಮಾರು 0.3 ಓಮ್. ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದರೆ ತಂತಿಯಲ್ಲಿ ಹುಟ್ಟುವ ಶಾಖ ಸುಮಾರು 23 ವಾಟ್. ಅದು 40 ಮೀಟರ್ ಉದ್ದಕ್ಕೂ ಹಂಚಿಹೋಗುವುದರಿಂದ ಯಾರಿಗೂ ತಿಳಿಯುವುದಿಲ್ಲ.

ಈಗ ಸ್ವಿಚ್ಚಿನ ಒಂದು ತಿರುಪು ಸಡಿಲವಾಗಿದ್ದು ಅಲ್ಲಿಯೇ 0.3 ಓಮ್ ರೋಧ ಹುಟ್ಟಿತು ಎನ್ನಿ. ಅದೇ 23 ವಾಟ್ ಶಾಖ ಕಡಲೆಕಾಳಿನಷ್ಟು ಜಾಗದಲ್ಲಿ ಕೇಂದ್ರೀಕರಿಸುತ್ತದೆ. ರೇಡಿಯೋ ರಿಪೇರಿಯವರು ಸೀಸ ಕರಗಿಸಲು ಬಳಸುವ ಸಾಮಾನ್ಯ ಸೋಲ್ಡರಿಂಗ್ ಐರನ್ 25 ವಾಟಿನದು! ಪ್ಲಾಸ್ಟಿಕ್ ಸ್ವಿಚ್ಚು ಕಪ್ಪಾಗಿ ಕರಗುವುದು ಹೀಗೆ. ಎಂ.ಸಿ.ಬಿ.ಗೆ ಇದರ ಸುಳಿವೇ ಇಲ್ಲ, ಏಕೆಂದರೆ ಪ್ರವಾಹ ಹೆಚ್ಚಾಗಿಲ್ಲ.

ಪತ್ತೆ ಮಾಡುವ ಉಪಾಯ ಸರಳ. ಗೀಸರು ಮುಂತಾದ ದೊಡ್ಡ ಹೊರೆಯನ್ನು ಅರ್ಧ ಗಂಟೆ ನಡೆಸಿ, ಆರಿಸಿ, ಒಣ ಕೈಯ ಹಿಂಬದಿಯಿಂದ ಸ್ವಿಚ್ಚಿನ ತಟ್ಟೆಯನ್ನೂ ಪ್ಲಗ್ಗನ್ನೂ ಮುಟ್ಟಿ ನೋಡಬೇಕು. ತುಸು ಬೆಚ್ಚಗಿದ್ದರೆ ಚಿಂತೆಯಿಲ್ಲ. ಕೈ ಇಡಲಾಗದಷ್ಟು ಬಿಸಿಯಿದ್ದರೆ, ಸುಟ್ಟ ವಾಸನೆ ಬಂದರೆ, ಚಿಟಿಚಿಟಿ ಸದ್ದು ಕೇಳಿದರೆ ಆ ಮಂಡಲವನ್ನು ಬಳಸಬಾರದು. ಮೂರು ಫೇಸಿನ ಸಂಪರ್ಕವಿರುವ ಮನೆಗಳಲ್ಲಿ ಮುಖ್ಯ ನ್ಯೂಟ್ರಲ್‌ನ ತಿರುಪು ಇನ್ನೂ ಮುಖ್ಯ. ಅದು ಕಳಚಿದರೆ ಎರಡು ಫೇಸ್‌ಗಳ ನಡುವಿನ 400 ವೋಲ್ಟನ್ನು ಉಪಕರಣಗಳು ಅಸಮವಾಗಿ ಹಂಚಿಕೊಳ್ಳುತ್ತವೆ; ಟಿ.ವಿ., ಫ್ರಿಜ್ಜುಗಳು ಒಟ್ಟಿಗೇ ಸುಟ್ಟುಹೋಗುತ್ತವೆ.

ಮೆಗ್ಗರ್ ಪರೀಕ್ಷೆ

ಗೋಡೆಯೊಳಗಿನ ಹೊದಿಕೆಯ ಆರೋಗ್ಯವನ್ನು ಹೇಳುವುದು ಮೆಗ್ಗರ್. ಮೇನ್ ಆರಿಸಿ, ಬಲ್ಬುಗಳನ್ನೂ ಉಪಕರಣಗಳನ್ನೂ ತೆಗೆದು, ತಂತಿ ಮತ್ತು ಅರ್ತ್ ನಡುವೆ 500 ವೋಲ್ಟಿನ ನೇರ ವಿದ್ಯುತ್ತನ್ನು ಒಂದು ನಿಮಿಷ ಕೊಟ್ಟು ರೋಧ ಅಳೆಯುತ್ತಾರೆ. ಕನಿಷ್ಠ ಒಂದು ಮೆಗಾ ಓಮ್, ಅಂದರೆ ಹತ್ತು ಲಕ್ಷ ಓಮ್ ಇರಬೇಕು. 500 ವೋಲ್ಟ್ ತಗುಲಿದರೆ ಎಲ್.ಇ.ಡಿ. ದೀಪ, ಪಂಖದ ಎಲೆಕ್ಟ್ರಾನಿಕ್ ರೆಗ್ಯುಲೇಟರುಗಳು ಕೆಡಬಹುದು. ಹೀಗಾಗಿ ಸಾಮಾನು ಬರುವ ಮುನ್ನವೇ ಈ ಪರೀಕ್ಷೆ ಸುಲಭ. ಗಿಲಾವಿನ ತೇವ ಆರದ ಹೊಸ ಮನೆಯಲ್ಲಿ ರೋಧ ಕಡಿಮೆ ಬರುವುದುಂಟು. ಕೆಲವು ದಿನ ಬಿಟ್ಟು ಮತ್ತೆ ಅಳೆದಾಗಲೂ ಏರದಿದ್ದರೆ ಎಲ್ಲೋ ತಂತಿಗೆ ಗಾಯವಾಗಿದೆ ಎಂದೇ ಅರ್ಥ.

ಬಚ್ಚಲು, ಸಂಪು, ಇನ್ವರ್ಟರು

ಗೀಸರಿನ ಸ್ವಿಚ್ಚು ಬಚ್ಚಲಿನ ಹೊರಗಿರಲಿ. ಒಳಗೆ ಇರಲೇಬೇಕಾದರೆ ಸ್ನಾನ ಮಾಡುವವರ ಕೈಗೆಟಕದಷ್ಟು, ನೀರು ಸಿಡಿಯದಷ್ಟು ದೂರದಲ್ಲಿರಲಿ. ಸಂಪಿನ ಮೋಟಾರಿಗೂ ಅರ್ತ್ ಮತ್ತು ಆರ್.ಸಿ.ಸಿ.ಬಿ. ರಕ್ಷಣೆ ಇರಬೇಕು. ಸಂಪು ತೊಳೆಯಲು ಇಳಿಯುವ ಮುನ್ನ ಅದರ ಎಂ.ಸಿ.ಬಿ.ಯನ್ನೇ ಆರಿಸಬೇಕು. ಅಂಗಳದ ದೀಪ, ಗೇಟಿನ ದೀಪಗಳ ಜೋಡಣೆಗೆ ಮಳೆನೀರು ಸೇರುವಂತಿರಬಾರದು.

ಇನ್ವರ್ಟರು ಅಥವಾ ಬ್ಯಾಟರಿಯಿರುವ ಸೌರ ವ್ಯವಸ್ಥೆ ಇದ್ದರೆ ಮತ್ತೊಂದು ಎಚ್ಚರ: ಮೇನ್ ಸ್ವಿಚ್ ಆರಿಸಿದ ಮಾತ್ರಕ್ಕೆ ಮನೆಯ ತಂತಿಗಳೆಲ್ಲ ನಿರ್ಜೀವವಾಗುವುದಿಲ್ಲ. ಇನ್ವರ್ಟರನ್ನೂ ಆರಿಸಿದ ಮೇಲೆಯೇ ಬೋರ್ಡು ಬಿಚ್ಚಬೇಕು. ಈ ಮಾತನ್ನು ಡಿ.ಬಿ.ಯ ಬಾಗಿಲಿನ ಮೇಲೆ ಬರೆದು ಅಂಟಿಸಿದರೆ ಮುಂದೆ ರಿಪೇರಿಗೆ ಬರುವವರಿಗೂ ಉಪಕಾರ.

ವಿದ್ಯಾರ್ಥಿಗಳಿಗೆ ಮನೆಗೆಲಸ

ಬೋರ್ಡು ಬಿಚ್ಚುವುದು, ತಂತಿ ಮುಟ್ಟುವುದು, ಸಾಕೆಟ್ಟಿಗೆ ಕಡ್ಡಿ ಚುಚ್ಚುವುದು ವಿದ್ಯಾರ್ಥಿಗಳ ಕೆಲಸವಲ್ಲ. ಕಾಗದ, ಪೆನ್ಸಿಲ್ ಮತ್ತು ಗಡಿಯಾರ ಹಿಡಿದು ಮಾಡುವ ಕೆಲಸ ಮಾತ್ರ ಬೇಕಾದಷ್ಟಿದೆ.

ಒಂದು: ಹೊರೆಯ ಪಟ್ಟಿ. ಗೀಸರು 2000, ಇಂಡಕ್ಷನ್ ಒಲೆ 1800, ಇಸ್ತ್ರಿಪೆಟ್ಟಿಗೆ 1000, ಮಿಕ್ಸಿ 750, ನಾಲ್ಕು ಪಂಖ 300, ಫ್ರಿಜ್ಜು 150, ಟಿ.ವಿ. 100, ಹತ್ತು ಎಲ್.ಇ.ಡಿ. ಬಲ್ಬು 90 ವಾಟ್ ಎಂದರೆ ಒಟ್ಟು 6190 ವಾಟ್. ಇದನ್ನು 230ರಿಂದ ಭಾಗಿಸಿದರೆ ಸುಮಾರು 27 ಆಂಪಿಯರ್. ಮಂಜೂರಾದ ಹೊರೆ 3 ಕಿಲೋವಾಟ್ ಇದ್ದರೆ ಅದಕ್ಕೆ ಸಿಗುವುದು 13 ಆಂಪಿಯರ್ ಮಾತ್ರ. ಯಾವ ಉಪಕರಣಗಳನ್ನು ಒಟ್ಟಿಗೆ ಬಳಸಬಾರದು, ಅಥವಾ ಮಂಜೂರಾತಿಯನ್ನು ಎಷ್ಟಕ್ಕೆ ಏರಿಸಬೇಕು ಎಂದು ಪಟ್ಟಿ ನೋಡಿ ಹಿರಿಯರಿಗೆ ತಿಳಿಸಿ.

ಎರಡು: ಮೀಟರಿನ ತಾಳೆ. ಉಳಿದೆಲ್ಲವನ್ನೂ ಆರಿಸಿ 1000 ವಾಟಿನ ಇಸ್ತ್ರಿಪೆಟ್ಟಿಗೆಯನ್ನು ಮಾತ್ರ ದೊಡ್ಡವರಿಂದ ಹಾಕಿಸಿ. ಅದರ ದೀಪ ಉರಿಯುತ್ತಿರುವಷ್ಟು ಹೊತ್ತು ಮೀಟರಿನ ಮಿನುಗುಗಳನ್ನು ಎಣಿಸಿ. ಯೂನಿಟ್ಟಿಗೆ 3200 ಮಿನುಗಿನ ಮೀಟರಾದರೆ ನಿಮಿಷಕ್ಕೆ ಸುಮಾರು 53 ಬರಬೇಕು. ವೋಲ್ಟೇಜ್ ಏರಿಳಿದರೆ ತುಸು ವ್ಯತ್ಯಾಸವಾಗುವುದು ಸಹಜ.

ಮೂರು: ಗೋಡೆಯ ನಕ್ಷೆ. ಪ್ರತಿ ಕೋಣೆಯ ಸಾಕೆಟ್ಟು, ಸ್ವಿಚ್ಚುಗಳನ್ನು ಬಿಡಿಸಿ, ಯಾವುದು ಯಾವ ಎಂ.ಸಿ.ಬಿ.ಗೆ ಸೇರಿದೆ ಎಂದು ಗುರುತಿಸಿ ಡಿ.ಬಿ.ಯ ಬಳಿ ತೂಗುಹಾಕಿ. ಅವಘಡವಾದಾಗ ಯಾವುದನ್ನು ಆರಿಸಬೇಕೆಂದು ಮನೆಯವರೆಲ್ಲರಿಗೂ, ಅಜ್ಜ ಅಜ್ಜಿಯರಿಗೂ, ತಿಳಿದಿರಲಿ. ಯಾರಿಗಾದರೂ ಶಾಕ್ ಹೊಡೆದಾಗ ಅವರನ್ನು ಮುಟ್ಟುವುದಲ್ಲ, ಮೊದಲು ಮೇನ್ ಆರಿಸುವುದು ಎಂಬ ಪಾಠವನ್ನೂ ನಕ್ಷೆಯ ಕೆಳಗೆ ದಪ್ಪ ಅಕ್ಷರದಲ್ಲಿ ಬರೆಯಿರಿ.

ಒಳ್ಳೆಯ ಎಲೆಕ್ಟ್ರಿಷಿಯನ್ನಿಗೆ ಈ ಪರೀಕ್ಷೆಗಳೆಲ್ಲ ಸೇರಿ ಒಂದು ದಿನದ ಕೆಲಸ. ದೋಷ ಕಂಡರೆ ತಿದ್ದಿಸಲು ಖಾಲಿ ಮನೆಯಲ್ಲಿ ಅಡ್ಡಿಯಿಲ್ಲ. ಕಾಂಟ್ರಾಕ್ಟರಿಗೆ ಕೊನೆಯ ಕಂತು ಕೊಡುವ ಮುನ್ನವಾದರೆ ಕೆಲಸವೂ ಬೇಗ ಆಗುತ್ತದೆ. ಗೃಹಪ್ರವೇಶದ ಮುಹೂರ್ತ ಗೊತ್ತುಮಾಡಲು ಪಂಚಾಂಗ ತೆರೆದಾಗ, ಅದಕ್ಕಿಂತ ಒಂದು ವಾರ ಹಿಂದಿನ ಒಂದು ದಿನವನ್ನು ಅರ್ತ್ ಟೆಸ್ಟರಿಗೂ ಮೆಗ್ಗರಿಗೂ ಗೊತ್ತುಮಾಡಿಡಲಿ.